ಅಪ್ಪ ಹಾಕಿದ್ದು ಒಂದೇ ಅಳತೆ

ಚುನಾವಣೆ ಬಂತೆಂದರೆ ನಮ್ಮ ಮಲೆನಾಡಿನ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರುತ್ತವೆ. ಲೈಸೆನ್ಸು ಇದ್ದವರು ತಂತಮ್ಮ ಕೋವಿ ಒಪ್ಪಿಸಿ ಚೀಟಿ ಇಸ್ಕೊಂಡು ಬರಬೇಕು, ಎಣಿಕೆ ಮುಗಿದ ಮೇಲೆ ಚೀಟಿ ತೋರಿಸಿ ಬಿಡಿಸಿಕೊಂಡು ಬರಬೇಕು. 2024ರ ಲೋಕಸಭಾ ಚುನಾವಣೆಗೂ ಹಾಗೇ ಆಯಿತು. ಏಪ್ರಿಲ್ 26ಕ್ಕೆ ನಮ್ಮ ಕಡೆ ಓಟು, ಜೂನ್ 4ಕ್ಕೆ ಎಣಿಕೆ. ಕೋವಿಗಳು ಠಾಣೆಯಿಂದ ಹೊರಗೆ ಬರೋ ಹೊತ್ತಿಗೆ ಮಳೆ ಹಿಡಿದಿತ್ತು. ಎರಡು ಎರಡೂವರೆ ತಿಂಗಳು ಒಂದರ ಮೇಲೊಂದು ಒರಗಿಕೊಂಡು ತುಕ್ಕು ತಿಂದಿದ್ದ ಕೋವಿಗಳು ಗೋಣಿಚೀಲ ಹೊದ್ದುಕೊಂಡು ರಿಪೇರಿ ಅಂಗಡಿಗೆ ಬಂದವು. ಆ ಅಂಗಡಿಯಲ್ಲಿ ನಾವು ಕೆಲಸಕ್ಕಿದ್ದೆವು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ಅವ್ವ ಕಾಫಿ ಕುಯ್ಯಲು ಹೋಗಿ ಬಂದ ದುಡ್ಡಲ್ಲಿ ಬಿ.ಎ. ಮಾಡಿದೆವು. ಕನ್ನಡ, ಇತಿಹಾಸ, ಸಮಾಜಶಾಸ್ತ್ರ. ಡಿಗ್ರಿ ಕಾಗದ ಕೈಗೆ ಬಂದ ದಿವಸ ಅಪ್ಪ ಅದನ್ನು ತನ್ನ ಎಡಗಣ್ಣಿನ ಹತ್ತಿರ ಹಿಡಿದು ನೋಡಿ, ಇದರಲ್ಲಿ ನಿನ್ನ ಹೆಸರು ಎಲ್ಲೈತೆ ಅಂತ ಕೇಳಿತು. ತೋರಿಸಿದೆವು. ಆಮೇಲೆ ಮೂರು ಪರೀಕ್ಷೆ ಬರೆದೆವು, ಎರಡರಲ್ಲಿ ಪಾಸಾಗಲಿಲ್ಲ, ಒಂದರ ಫಲಿತಾಂಶ ಬರಲಿಲ್ಲ. ಕವಿತೆ ಬರೆಯುತ್ತಿದ್ದೆವು. ನಮ್ಮ ಕವಿತೆಗಳಲ್ಲಿ ಬೆಂಕಿ, ಬಂದೂಕು, ಸಿಡಿಮದ್ದು ಧಾರಾಳವಾಗಿದ್ದವು. ನಿಜವಾದ ಕೋವಿಯನ್ನು ಮಾತ್ರ ಒಂದು ದಿವಸ ಕೈಯಲ್ಲಿ ಹಿಡಿದಿರಲಿಲ್ಲ. ಮನೆಯಲ್ಲಿ ಕೋವಿ ಅನ್ನೋ ಮಾತು ಎತ್ತುವ ಹಾಗೂ ಇರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇವೆ.

ಪೇಟೆಯಲ್ಲಿ ಅವರನ್ನು ಎಲ್ಲರೂ ಕೋವಿ ಸಾಬರು ಅಂತಾರೆ. ಎಪ್ಪತ್ತು ದಾಟಿದವರು. ಕೈ ನಡುಗಲು ಶುರುವಾಗಿ, ಲೆಕ್ಕ ಬರೆಯೋಕೆ, ಸಾಮಾನು ಹಿಡಿಯೋಕೆ ಒಬ್ಬ ಹುಡುಗ ಬೇಕು ಅಂದಿದ್ದರು. ನಾವು ಹೋಗಿ ನಿಂತಾಗ, ಓದಿದವನು ಇಲ್ಲಿ ಎಷ್ಟು ದಿವಸ ಇರ್ತೀಯ ಅಂತ ನಕ್ಕರು. ಜಾತಿ ಕೇಳಲಿಲ್ಲ. ಅವರು ಕುಡಿದ ಲೋಟದಲ್ಲೇ ಟೀ ಕೊಟ್ಟರು. ಅಷ್ಟು ಸಾಕಾಯಿತು, ಉಳಿದೆವು.

ಸಾಬರು ಮೊದಲ ದಿವಸ ಹೇಳಿಕೊಟ್ಟ ಪಾಠ ಒಂದೇ. ಯಾರ ಮಾತನ್ನೂ ನಂಬಬೇಡ, ಸರಳನ್ನು ನಂಬು. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಬಂದರೆ, ತಂದವನು ಖಾಲಿ ಐತೆ ಅಂತ ದೇವರಾಣೆ ಹಾಕಿದರೂ, ಮದ್ದು ಜಡಿಯುವ ಸರಳನ್ನು ನಳಿಗೆಯೊಳಗೆ ಇಳಿಸಬೇಕು. ನಳಿಗೆಯ ಬಾಯಿಗೆ ಸರಿಯಾಗಿ ಬೆರಳು ಹಿಡಿದು ಹೊರಗೆ ತೆಗೆದು, ನಳಿಗೆಯ ಪಕ್ಕದಲ್ಲಿಟ್ಟು ನೋಡಬೇಕು. ಸರಳಿನ ತುದಿ ಬುಡದ ತನಕ ಬಂದರೆ ಖಾಲಿ. ನಾಲ್ಕು ಬೆರಳು ಮೇಲೇ ನಿಂತರೆ ಒಳಗೆ ಈಡು ಕೂತಿದೆ ಎಂದು ಅರ್ಥ. ಆ ಜೂನ್ ತಿಂಗಳಲ್ಲಿ ಹಾಗೆ ಈಡು ತುಂಬಿಕೊಂಡೇ ಠಾಣೆಯಲ್ಲಿ ಮಲಗಿ ಬಂದ ಕೋವಿ ಎರಡು ಸಿಕ್ಕವು. ಕರಿಮದ್ದು ವರ್ಷಗಟ್ಟಲೆ ಬಿದ್ದಿದ್ದರೂ ಸಾಯುವುದಿಲ್ಲ. ಖಾಲಿ ಅಂದುಕೊಂಡು ಬುಡ ಸಡಿಲಿಸೋಕೆ ಬೆಂಕಿಗೆ ಹಿಡಿದರೆ ಹಿಡಿದವನ ಕಥೆ ಮುಗಿಯಿತು.

ಎರಡನೇ ಪಾಠ ನಿಧಾನಕ್ಕೆ ಕಲಿತೆವು. ರಿಪೇರಿ ಅಂದರೆ ಮುರಿದದ್ದನ್ನು ಸರಿಮಾಡೋದು ಅಂತ ನಾವು ತಿಳಿದಿದ್ದೆವು. ಅಂಗಡಿಯಲ್ಲಿ ಅರ್ಧ ದಿವಸ ಹೋಗುತ್ತಿದ್ದದ್ದು ಹಿಂದಿನವರು 'ಸರಿಮಾಡಿದ್ದನ್ನು' ಕಂಡುಹಿಡಿಯೋದರಲ್ಲಿ. ಒಂದು ತೋಟಾ ಕೋವಿಯಲ್ಲಿ ತೋಟಾದ ಕುಂಡಿಗೆ ಹೊಡೆಯುವ ಪಿನ್ನು ಮುರಿದಿತ್ತು. ಯಾರೋ ಸೈಕಲ್ ಚಕ್ರದ ಕಡ್ಡಿ ಕತ್ತರಿಸಿ ಹಾಕಿದ್ದರು. ಇನ್ನೊಂದರಲ್ಲಿ ಬೆರಳಿಗೆ ಹಗುರ ಆಗಲಿ ಅಂತ ಕುದುರೆಯನ್ನು ತಡೆದು ನಿಲ್ಲಿಸುವ ಕಚ್ಚನ್ನೇ ಅರದಿಂದ ಉಜ್ಜಿ ಸವೆಸಿದ್ದರು. ಅದನ್ನು ನೆಲಕ್ಕೆ ಜೋರಾಗಿ ಕುಕ್ಕಿದರೆ ಸಾಕು, ಯಾರೂ ಎಳೆಯದೆ ಕುದುರೆ ಬೀಳುತ್ತಿತ್ತು. ಮತ್ತೊಂದು ನಳಿಗೆಯ ನಡುವೆ ಬಿರುಕು ಬಿಟ್ಟ ಜಾಗಕ್ಕೆ ಹಿತ್ತಾಳೆ ಸುರಿದು, ಉಜ್ಜಿ, ಮೇಲೆ ಕರೀ ಬಣ್ಣ ಬಳಿದಿದ್ದರು. ಬಣ್ಣ ಎಷ್ಟು ಚೆನ್ನಾಗಿತ್ತೆಂದರೆ ನಾವು ಅದನ್ನು ಮೆಚ್ಚಿಕೊಂಡೆವು. ಸಾಬರು ಉಗುರಿನಿಂದ ಕೆರೆದು ಹಳದಿ ಗೆರೆ ತೋರಿಸಿದರು. "ಕೆಟ್ಟ ಕೆಲಸ ಮಾಡಿದವನು ಪಾಲೀಶು ಜಾಸ್ತಿ ಮಾಡ್ತಾನೆ ಮಗಾ. ಹೊಳೆಯೋ ಜಾಗದಲ್ಲೇ ಮೊದಲು ನೋಡು" ಅಂದರು.

ಹಾಗಂತ ಆ ಕೆಲಸ ಮಾಡಿದವರನ್ನು ನಾವು ಸುಲಭವಾಗಿ ಬೈಯಲಾರೆವು. 1959ರ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ಕೋವಿ ಮಾಡೋಕೆ, ಮಾರೋಕೆ ಹೇಗೋ ಹಾಗೆ ರಿಪೇರಿ ಮಾಡೋಕೂ, ಪರೀಕ್ಷೆ ಮಾಡೋಕೂ ಲೈಸೆನ್ಸು ಬೇಕು. ಆದರೆ ಅಂಥ ಅಂಗಡಿ ಇರೋದು ಪೇಟೆಯಲ್ಲಿ. ಗದ್ದೆಗೆ ಹಂದಿ ಬಿದ್ದ ರಾತ್ರಿ ಕೋವಿ ಕೆಟ್ಟರೆ ಸಾಹುಕಾರರ ಜೀಪು ಹೋಗಿ ನಿಲ್ಲೋದು ಊರ ಕುಲುಮೆಯ ಮುಂದೆ. ಸಂಜೆಯೊಳಗೆ ಆಗಬೇಕು, ಹತ್ತು ರೂಪಾಯಿಯಲ್ಲಿ ಆಗಬೇಕು, ಆಗಲ್ಲ ಅನ್ನೋ ಹಾಗಿಲ್ಲ. ಕುಡುಗೋಲು ತಟ್ಟುವವನ ಕೈಗೆ ಕೋವಿ ಕೊಟ್ಟು ಹೆದರಿಸಿದರೆ ಅವನು ತನ್ನ ಹತ್ತಿರ ಏನಿದೆಯೋ ಅದನ್ನೇ ಹಾಕುತ್ತಾನೆ.

ಜೂನ್ ಕೊನೆಗೆ ಒಬ್ಬರು ಒಂಟಿ ನಳಿಗೆಯ ಕೇಪಿನ ಕೋವಿ ತಂದರು. ಕಾರಿನಿಂದ ಇಳಿಯಲಿಲ್ಲ, ಗಾಜು ಇಳಿಸಿ ಕರೆದರು. ಕೋವಿ, ಲೈಸೆನ್ಸು ಪುಸ್ತಕ ಎರಡನ್ನೂ ಕೊಟ್ಟು, ಸ್ವಲ್ಪ ಕ್ಲೀನು ಮಾಡಿ ಎಣ್ಣೆ ಹಚ್ಚಿ ಇಡಿ, ಬುಧವಾರ ಬರ್ತೀನಿ ಅಂದರು. ರಿಜಿಸ್ಟರಿನಲ್ಲಿ ಬರೆಯೋಕೆ ಪುಸ್ತಕ ತೆರೆದೆವು. ಎಸ್ಟೇಟಿನ ಹೆಸರು ಓದಿ ಪೆನ್ನು ನಿಂತಿತು.

ನಾವು ಹುಟ್ಟಿದ್ದು ಆ ಎಸ್ಟೇಟಿನ ಲೈನಿನಲ್ಲಿ.

ನಮ್ಮ ಅಪ್ಪನಿಗೆ ಬಲಗಣ್ಣು ಇಲ್ಲ. 2004ರ ದೀಪಾವಳಿ ಕಳೆದು ನಾಲ್ಕೈದು ದಿವಸ ಆಗಿತ್ತು. ಭತ್ತ ಹಣ್ಣಾಗಿತ್ತು. ಹಂದಿ ಬರ್ತವೆ ಅಂತ ಸಾಹುಕಾರರ ಗದ್ದೆಯ ಅಟ್ಟಣಿಗೆ ಮೇಲೆ ಅಪ್ಪ ಕಾವಲು ಕೂತಿತ್ತು. ಆಗ ನಮಗೆ ಆರು ವರ್ಷ. ನೆನಪಿರೋದು ಮೂರೇ ಸಂಗತಿ. ಸುಟ್ಟ ಕೂದಲಿನ ವಾಸನೆ, ನೆಂದು ಭಾರವಾದ ಒಂದು ಟವೆಲ್ಲು, ಲೈನಿನ ಮುಂದೆ ಲೈಟು ಹಾಕಿಕೊಂಡು ನಿಂತ ಜೀಪು. ಮಿಕ್ಕದ್ದು ಅವ್ವ ಹೇಳಿದ್ದು. ಜೀಪಿನಲ್ಲಿ ಎಸ್ಟೇಟಿನ ರೈಟರು ಜೊತೆಗೆ ಬಂದಿದ್ದರಂತೆ. ದೊಡ್ಡಾಸ್ಪತ್ರೆಯ ಡಾಕ್ಟರು ಏನಾಯ್ತು ಅಂತ ಕೇಳಿದರೆ ಅಪ್ಪ ಬಾಯಿ ಬಿಡೋಕೆ ಮೊದಲೇ ರೈಟರು, ಪಟಾಕಿ ಸಾರ್, ಹಬ್ಬದ ಪಟಾಕಿ ಅಂದರಂತೆ. ಲೈಸೆನ್ಸಿನಲ್ಲಿ ಹೆಸರಿಲ್ಲದವನ ಕೈಯಲ್ಲಿ ಕೋವಿ ಇತ್ತು ಅಂತಾದರೆ ಸಾಹುಕಾರರಿಗೆ ತೊಂದರೆ. ಆಮೇಲೆ ಎರಡು ಸಾವಿರ ರೂಪಾಯಿ ಕೊಟ್ಟರು. ಒಂದು ಕಣ್ಣಿನವನು ಕಸಿಗೆ ಮರ ಹತ್ತಲಾರ ಅಂತ ಮುಂದಿನ ವರ್ಷ ಲೈನು ಬಿಡಿಸಿದರು.

ಅದಕ್ಕಿಂತ ದೊಡ್ಡದು ಇನ್ನೊಂದು ನಡೆಯಿತು. ಅಪ್ಪನ ಮೇಲೆ ಒಂದು ಕಥೆ ಹುಟ್ಟಿತು. ಕುಡಿದಿದ್ದ, ಅಮಲಿನಲ್ಲಿ ಎರಡು ಅಳತೆ ಮದ್ದು ಹಾಕಿದ, ಕೋವಿ ತಡೀಲಿಲ್ಲ. ರೈಟರು ಹೇಳಿದರು, ಮೇಸ್ತ್ರಿ ಹೇಳಿದ, ಆಮೇಲೆ ಲೈನಿನ ಜನವೇ ಹೇಳಿತು. ಸ್ಕೂಲಿನಲ್ಲಿ ಹುಡುಗರು ನಮ್ಮನ್ನು 'ಡಬ್ಬಲ್ ಅಳತೆ' ಅಂತ ಕರೆದರು. ಹತ್ತನೇ ಕ್ಲಾಸಿನ ತನಕ ಆ ಹೆಸರು ಬಿಡಲಿಲ್ಲ. ಅವ್ವ ಕೂಡ ಸಿಟ್ಟು ಬಂದಾಗ ಅಂದಿದ್ದುಂಟು. ನಾವೂ ಅಂದಿದ್ದೇವೆ. ಪಿಯುಸಿಯಲ್ಲಿ ಫೀಸಿಗೆ ದುಡ್ಡಿಲ್ಲ ಅಂದ ದಿವಸ, ನೀನು ಕುಡಿದು ಕಣ್ಣು ಕಳಕೊಳ್ಳದೇ ಇದ್ದಿದ್ರೆ ನಮಗೆ ಈ ಗತಿ ಬರ್ತಿತ್ತಾ ಅಂತ ಅಪ್ಪನ ಮುಖಕ್ಕೆ ಹೇಳಿದೆವು. ಅಪ್ಪ ಉತ್ತರ ಕೊಡಲಿಲ್ಲ. ಬೀಡಿ ಹಚ್ಚಿಕೊಂಡು ಹೊರಗೆ ಹೋಯಿತು.

ಆ ಕೋವಿ ಈಗ ನಮ್ಮ ಮುಂದೆ ವೈಸಿನಲ್ಲಿತ್ತು. ಸಾಬರಿಗೆ ನಾವು ಏನೂ ಹೇಳಲಿಲ್ಲ. ಸರಳು ಇಳಿಸಿ ನೋಡಿದೆವು, ಖಾಲಿ ಇತ್ತು. ಕ್ಲೀನು ಮಾಡಿ ಅಂದಿದ್ದರು, ಬಿಚ್ಚಿ ಅಂದಿರಲಿಲ್ಲ. ನಾವು ಬಿಚ್ಚಲು ಕೂತೆವು. ಸಾಬರು ಒಂದು ಸಲ ಕಣ್ಣೆತ್ತಿ ನೋಡಿದರು, ಬೇಡ ಅನ್ನಲಿಲ್ಲ.

ಈ ಕೋವಿಯ ರಚನೆ ಗೊತ್ತಿಲ್ಲದ ಗೆಳೆಯರಿಗೆ ಎರಡು ಮಾತು. ನಳಿಗೆ ಅಂದರೆ ಎರಡೂ ಕಡೆ ತೆರೆದ ಕಬ್ಬಿಣದ ಕೊಳವೆ. ಹಿಂದಿನ ಬಾಯಿಯನ್ನು ತಿರುಪಿನ ಒಂದು ಬಿರಡೆ ಹಾಕಿ ಮುಚ್ಚಿರುತ್ತಾರೆ. ಈಡು ಹಾರುವಾಗ ಬೆಂಕಿಯ ಒತ್ತಡವನ್ನು ಹಾರಿಸುವವನ ಮುಖಕ್ಕೆ ಬಾರದ ಹಾಗೆ ತಡೆಯೋದು ಈ ಬಿರಡೆ ಮತ್ತು ಅದರ ತಿರುಪು. ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದಕ್ಕೂ ತಿರುಪು ಹಾಕಿ ಕಿರುಬೆರಳ ತುದಿಯಷ್ಟು ನಿಪ್ಪಲ್ಲು ಕೂರಿಸಿರುತ್ತಾರೆ. ನಿಪ್ಪಲ್ಲಿನ ಮೇಲೆ ಕೇಪು, ಕೇಪಿನ ಮೇಲೆ ಕುದುರೆ. ಕುದುರೆ ಬಿದ್ದಾಗ ಕೇಪಿನ ಕಿಡಿ ತೂತಿನಿಂದ ಒಳಗೆ ಹೋಗಿ ಮದ್ದಿಗೆ ಹತ್ತುತ್ತದೆ. ಒಳಗಿನ ಬೆಂಕಿಯೂ ಅದೇ ತೂತಿನಿಂದ ಹೊರಗೆ ಬರಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನಿಪ್ಪಲ್ಲಿನ ತಿರುಪು. ಹಾರಿಸುವವನ ಕೆನ್ನೆ ಅದರಿಂದ ಒಂದು ಗೇಣು ಹಿಂದೆ ಇರುತ್ತದೆ.

ನಿಪ್ಪಲ್ಲು ಬಿಚ್ಚಿದೆವು. ಅದು ನಳಿಗೆಗೆ ನೇರವಾಗಿ ಕೂತಿರಲಿಲ್ಲ. ತೂತು ಅಗಲವಾಗಿ ಹೋಗಿದ್ದರಿಂದ ಯಾರೋ ಉಕ್ಕಿನ ಬುಷ್ಷು ಹಾಕಿ ಅದರೊಳಗೆ ನಿಪ್ಪಲ್ಲು ಕೂರಿಸಿದ್ದರು. ಬುಷ್ಷಿನ ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನೂ ತಿರುಗಿಸಿ ತೆಗೆದೆವು. ಬುಷ್ಷು ಹೋದಷ್ಟು ಆಳ ಹೊಸ ತಿರುಪಿತ್ತು. ಅದರ ಕೆಳಗೆ, ಬೆಳಕು ಬಿಟ್ಟು ಓರೆಯಾಗಿ ನೋಡಿದರೆ ಮಾತ್ರ ಕಾಣುವ ಹಾಗೆ, ಹಳೆಯ ತಿರುಪಿನ ಎರಡು ಸುತ್ತು ಉಳಿದಿದ್ದವು. ಅವು ಒಂದರ ಮೇಲೊಂದು ಅಡ್ಡಡ್ಡ ಹಾಯ್ದು ಜಜ್ಜಿಹೋಗಿದ್ದವು. ಆ ಸುತ್ತುಗಳ ಸಂದಿನಲ್ಲಿ ಬೂದು ಬಣ್ಣದ್ದು ಏನೋ ತುಂಬಿತ್ತು. ಸೂಜಿಯಿಂದ ಕೆರೆದೆವು. ಮೆತ್ತಗಿತ್ತು, ಹೊಳೆಯಿತು. ತವರ, ಸೀಸದ ಬೆಸುಗೆ. ರೇಡಿಯೋ ತಂತಿಗೆ ಹಾಕುವ ಬೆಸುಗೆ.

ಆ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ಸಿಗೆಲ್ಲ ಮೆತ್ತಗಾಗಿ ಕರಗತೊಡಗುತ್ತದೆ. ತಣ್ಣಗಿದ್ದಾಗಲೂ ಅದಕ್ಕೆ ಉಕ್ಕಿನ ಬಲ ಇಲ್ಲ. ತಿರುಪು ಸತ್ತುಹೋದ ತೂತಿಗೆ ಹೊಸ ತಿರುಪು ಕೊರೆಯುವ ಬದಲು ಯಾರೋ ಸೀಸ ಹಾಕಿ ನಿಪ್ಪಲ್ಲನ್ನು ಅಂಟಿಸಿದ್ದರು. ಅಂಟಿಸಿ ಪಾಲೀಶು ಮಾಡಿ ಕೊಟ್ಟಿದ್ದರು. ಅದು ಒಂದು ಈಡಿಗೆ ತಡೆಯಿತು, ಹತ್ತು ಈಡಿಗೆ ತಡೆಯಿತು. ಪ್ರತಿ ಈಡಿಗೂ ಸ್ವಲ್ಪ ಸ್ವಲ್ಪ ಸಡಿಲಾಯಿತು. ಒಂದು ರಾತ್ರಿ ಕಿತ್ತುಕೊಂಡು ಹಾರಿತು. ಆ ರಾತ್ರಿ ಅದರ ಹಿಂದೆ ಇದ್ದದ್ದು ನಮ್ಮ ಅಪ್ಪನ ಮುಖ.

ನಾವು ಎಷ್ಟು ಹೊತ್ತು ಹಾಗೇ ಕೂತಿದ್ದೆವೋ ಗೊತ್ತಿಲ್ಲ. ಸಾಬರು ಪಕ್ಕಕ್ಕೆ ಬಂದು ನಿಂತಿದ್ದರು. ಬುಷ್ಷನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು.

"ಇದು ನಾನು ಹಾಕಿದ್ದು" ಅಂದರು.

"ಯಾವಾಗ ಸಾಬ್ರೇ?"

"ಇಪ್ಪತ್ತು ವರ್ಷ ಆಯ್ತೇನೋ. ಆಳು ಎರಡು ಅಳತೆ ಹಾಕಿ ನಿಪ್ಪಲ್ಲು ಹಾರಿಸಿಬಿಟ್ಟ ಅಂತ ತಂದಿದ್ರು."

"ಆವಾಗ ಈ ಸೀಸ ನೋಡಿದ್ರಾ?"

ಸಾಬರು ಕೂತರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನೋಡ್ದೆ. ತೂತಿನ ತುಂಬ ಸೀಸಾನೇ ಇತ್ತು. ಅಳತೆ ಒಂದೇ ಹಾಕಿದ್ರೂ ಅದು ಹಾರೋದೇ. ಮದ್ದು ಜಾಸ್ತಿ ಆಗಿದ್ರೆ ನಳಿಗೆ ಉಬ್ಬಬೇಕಿತ್ತು, ಬುಡ ಸೀಳಬೇಕಿತ್ತು. ಏನೂ ಆಗಿರಲಿಲ್ಲ. ನನಗೆ ಗೊತ್ತಾಯ್ತು."

"ಹೇಳಲಿಲ್ಲವಾ?"

"ಯಾರೂ ಕೇಳಲಿಲ್ಲ ಮಗಾ. ಕೆಲಸ ಕೊಟ್ರು, ಮಾಡ್ದೆ, ದುಡ್ಡು ಇಸ್ಕೊಂಡೆ. ಆ ಆಳು ಯಾರು, ಬದುಕಿದ್ನಾ ಸತ್ನಾ ಅಂತ ನಾನೂ ಕೇಳಲಿಲ್ಲ."

"ನಮ್ಮಪ್ಪ ಸಾಬ್ರೇ."

ಮಳೆ ಜೋರಾಗಿತ್ತು. ತಗಡಿನ ಮೇಲೆ ಬೀಳುವ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲವೇನೋ ಅಂದುಕೊಂಡು ಇನ್ನೊಂದು ಸಲ ಹೇಳಿದೆವು. ಅವರಿಗೆ ಮೊದಲೇ ಕೇಳಿಸಿತ್ತು. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

ಆಮೇಲೆ ಅವರೇ ಎದ್ದು, ಬುಡ ಬಿಚ್ಚು ಅಂದರು. ಆವತ್ತು ನಾನು ಬುಡ ನೋಡಲಿಲ್ಲ, ಈಗ ನೋಡಾಣ ಅಂದರು. ಸೀಮೆಎಣ್ಣೆ ಹಾಕಿ ಒಂದು ರಾತ್ರಿ ನೆನೆಸಿಟ್ಟು ಮಾರನೇ ದಿವಸ ಬಿಚ್ಚಿದೆವು. ಬಿಚ್ಚೋಕೆ ಬಲವೇ ಬೇಕಾಗಲಿಲ್ಲ. ಒಳ್ಳೆಯ ಬಿರಡೆ ಸುತ್ತು ಸುತ್ತಾಗಿ ಬಿಗಿಯಾಗಿ ಬರಬೇಕು. ಇದು ಮೂರು ಸುತ್ತಿಗೆ ಕೈಗೆ ಬಂತು. ಮಿಕ್ಕ ತಿರುಪನ್ನು ತುಕ್ಕು ತಿಂದಿತ್ತು. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ತೊಳೆಯದೆ ಇಟ್ಟ ಕೋವಿಯ ಒಳಗೆ ಆ ಮಸಿಯೇ ಕಬ್ಬಿಣವನ್ನು ತಿನ್ನುತ್ತದೆ. ಸಡಿಲಾದ ಬಿರಡೆ ಅಲ್ಲಾಡದಿರಲಿ ಅಂತ ಯಾರೋ ತಾಮ್ರದ ತೆಳು ತಗಡು ಸುತ್ತಿ, ಹೊರಗಿನಿಂದ ಉಳಿಯಲ್ಲಿ ನಾಲ್ಕು ಪೆಟ್ಟು ಹಾಕಿ ಬಿಗಿಮಾಡಿದ್ದರು. ಬಿರಡೆ ಹಿಂದಕ್ಕೆ ಬಂದರೆ ಕಣ್ಣೊಂದೇ ಹೋಗುವುದಿಲ್ಲ.

ಇದನ್ನು ಮೊನ್ನೆ ಮೊನ್ನೆಯ ತನಕ ಹಾರಿಸುತ್ತಿದ್ದರು. ಪ್ರತಿ ವರ್ಷ ಆಯುಧ ಪೂಜೆಗೆ ಕುಂಕುಮ ಹಚ್ಚಿ ಹೂವು ಮುಡಿಸಿದ್ದರು. ಬುಡ ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ.

ಗೆಳೆಯರೇ, ಕೋವಿಯನ್ನು ಪರೀಕ್ಷೆ ಮಾಡೋದು ಹೊಸ ವಿಚಾರವೇನಲ್ಲ. ಲಂಡನ್ನಿನಲ್ಲಿ ಬಂದೂಕು ಮಾಡುವವರ ಸಂಘಕ್ಕೆ 1637ರಲ್ಲಿ ರಾಜನ ಸನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾಯಿದೆಯಿಂದ ಪರೀಕ್ಷೆಯ ಮನೆಯೇ ಆಯಿತು. ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ, ಮನುಷ್ಯರು ಮರೆಯಲ್ಲಿ ನಿಂತು ಹಾರಿಸಿ, ಒಡೆಯದೆ ಉಳಿದ ನಳಿಗೆಗೆ ಮುದ್ರೆ ಹೊಡೆಯುತ್ತಾರೆ. ನಮ್ಮ ಸಾಹುಕಾರರುಗಳ ಬೀರುವಿನಲ್ಲಿರುವ ಹಳೆಯ ವಿಲಾಯಿತಿ ಜೋಡು ನಳಿಗೆ ಕೋವಿಗಳ ಮೇಲೆ ಆ ಮುದ್ರೆಗಳನ್ನು ನಾವು ನೋಡಿದ್ದೇವೆ. ಅವು ಶಿಕಾರಿಯ ಫೋಟೋದಲ್ಲಿರುತ್ತವೆ, ಮದುವೆಮನೆಯಲ್ಲಿರುತ್ತವೆ. ರಾತ್ರಿ ಗದ್ದೆ ಕಾವಲಿಗೆ ಕೊಡೋದು ಯಾವ ಮುದ್ರೆಯೂ ಇಲ್ಲದ ಈ ಕೇಪಿನ ಕೋವಿ.

ಕಾಯಿದೆ ಓದಿ ನೋಡಿದೆವು. 1878ರ ಆಯುಧ ಕಾಯಿದೆಯಲ್ಲಿ ಈ ದೇಶದವರಿಗೆ ಲೈಸೆನ್ಸು ಬೇಕಿತ್ತು, ಯೂರೋಪಿಯನ್ನರಿಗೆ ವಿನಾಯಿತಿ ಇತ್ತು. 1959ರ ಕಾಯಿದೆಯ 13ನೇ ಕಲಮು, ನಿಜವಾಗಿ ಬೆಳೆ ಕಾಯೋಕೆ ಬೇಕಾದವರಿಗೆ ಬಾಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸು ಕೊಡಬೇಕು ಅನ್ನುತ್ತದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಇರಲಿ, ಆನೆ, ಹಂದಿ ಇರುವ ಕಡೆ ಬೆಳೆ ಕಾಯಲೇಬೇಕು. ನಾವು ಹೇಳೋದು ಇಷ್ಟೇ. ಬೆಳೆಯ ಜೊತೆಗೆ ಲೈಸೆನ್ಸು ಹೋಗುತ್ತದೆ, ಭೂಮಿಯ ಜೊತೆಗೆ ಬೆಳೆ ಹೋಗುತ್ತದೆ. ಭೂಮಿ ಇಲ್ಲದವನಿಗೆ ಉಳಿಯೋದು ನಿದ್ದೆಗೆಟ್ಟ ರಾತ್ರಿ, ಮತ್ತೆ ಕೋವಿಯ ಹಿಂಭಾಗ.

ಬುಧವಾರ ಸಾಹುಕಾರರ ಮಗ ಬಂದರು. ಈ ಸಲ ಕಾರಿನಿಂದ ಇಳಿಯಬೇಕಾಯಿತು, ಯಾಕೆಂದರೆ ಕೋವಿಯನ್ನು ಯಾರೂ ತಗೊಂಡು ಹೋಗಿ ಕೊಡಲಿಲ್ಲ. ನಳಿಗೆ ಒಂದು ಕಡೆ, ಬಿರಡೆ ಒಂದು ಕಡೆ, ನಿಪ್ಪಲ್ಲು ಬುಷ್ಷು ಒಂದು ಕಡೆ, ಹಳೇ ಪೇಪರಿನ ಮೇಲೆ ಹರಡಿಟ್ಟಿದ್ದೆವು. ಸಾಬರು ಎಲ್ಲವನ್ನೂ ತೋರಿಸಿ ಹೇಳಿದರು. ಅವರು ಮೊಬೈಲು ನೋಡುತ್ತ ಕೇಳಿಸಿಕೊಂಡರು.

"ಸಾಬ್ರೇ, ನಾನೇನು ಯುದ್ಧಕ್ಕೆ ಹೋಗ್ತೀನಾ? ಸೀಸನ್ನಿಗೆ ನಾಲ್ಕು ಸಲ ಆಕಾಶಕ್ಕೆ ಹಾರಿಸೋದು. ಅದೂ ನಾನು ಹಾರಿಸಲ್ಲ. ಅಸ್ಸಾಮಿನ ಹುಡುಗ ಒಬ್ಬ ಇದಾನೆ, ಕಾವಲಿಗೆ. ಮೊದಲು ಹೆಂಗಿತ್ತೋ ಹಂಗೆ ಕೂರಿಸಿಕೊಡಿ."

ಅಸ್ಸಾಮಿನ ಹುಡುಗ. ನಮ್ಮ ಜನ ಬಿಟ್ಟುಬಂದ ಲೈನುಗಳಿಗೆ ಈಗ ಸಾವಿರಾರು ಮೈಲಿಯಿಂದ ಬಂದವರು ಸೇರಿಕೊಂಡಿದ್ದಾರೆ. ಅವರ ಹೆಂಡಿರು ಮಕ್ಕಳಿಗೆ ಇಲ್ಲಿನ ಮಾತೇ ಬರುವುದಿಲ್ಲ. ನಾಳೆ ಅವನ ಮೇಲೂ ಒಂದು ಕಥೆ ಹುಟ್ಟಿದರೆ ಅಲ್ಲಗಳೆಯೋಕೆ ಅವನಿಗೆ ಕನ್ನಡವಾದರೂ ಎಲ್ಲಿದೆ?

"ಕೂರ್ಸಲ್ಲ" ಅಂದರು ಸಾಬರು.

"ಯಾಕೆ?"

"ಇಪ್ಪತ್ತು ವರ್ಷದ ಹಿಂದೆ ಕೂರ್ಸಿದ್ದೆ. ಇನ್ನೊಂದು ಸಲ ಕೂರ್ಸಲ್ಲ. ನಳಿಗೆ ಬುಡದಲ್ಲಿ ತಿರುಪಿಲ್ಲ. ರಿಪೇರಿ ಆಗೋ ಕೋವಿ ಅಲ್ಲ ಇದು."

ಸಾಹುಕಾರರ ಮಗನಿಗೆ ಸಿಟ್ಟು ಬಂತು. ಸಾಬರ ಮೇಲೆ ತೋರಿಸಲಾರದೆ ನಮ್ಮ ಕಡೆ ತಿರುಗಿದರು. "ಬಿಚ್ಚು ಅಂತ ಯಾರು ಹೇಳಿದ್ರು ನಿಂಗೆ? ಯಾರ ಮಗ ನೀನು?"

ಹುಟ್ಟಿದಾಗಿನಿಂದ ಈ ಪ್ರಶ್ನೆ ಕೇಳಿಸಿಕೊಂಡು ಬಂದಿದ್ದೇವೆ. ಪ್ರತಿ ಸಲ ತಲೆ ತಗ್ಗಿಸಿದ್ದೇವೆ. ಆವತ್ತು ಅಪ್ಪನ ಹೆಸರು ಹೇಳಿದೆವು. ಲೈನಿನ ಎಷ್ಟನೇ ಮನೆ ಅಂತಲೂ ಹೇಳಿದೆವು. "2004ರಲ್ಲಿ ಈ ಕೋವಿ ಹಾರಿಸಿದವರ ಮಗ" ಅಂದೆವು. ಅವರಿಗೆ ನೆನಪು ಬಂತು. ಮುಖದಲ್ಲಿ ಕಾಣಿಸಿತು. ಆಗ ಅವರಿಗೂ ಹದಿನೈದು ಹದಿನಾರು ವಯಸ್ಸು ಇದ್ದಿರಬೇಕು. ಏನೋ ಹೇಳಲು ಬಾಯಿ ತೆರೆದರು, ಹೇಳಲಿಲ್ಲ. ರಿಜಿಸ್ಟರಿನಲ್ಲೂ ಬಿಲ್ಲಿನಲ್ಲೂ ಕೆಂಪು ಅಕ್ಷರದಲ್ಲಿ 'ಹಾರಿಸಲು ಯೋಗ್ಯವಲ್ಲ' ಎಂದು ನಾವೇ ಬರೆದ ಕಡೆ ಸಹಿ ಹಾಕಿ, ಬಿಚ್ಚಿದ ಸಾಮಾನನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಹೋದರು.

ಆ ಕೋವಿ ಈಗ ಎಲ್ಲಿದೆಯೋ ಹೇಳಲಾರೆವು. ಇನ್ನೊಂದು ಕುಲುಮೆಗೆ ಹೋಗಿರಬಹುದು. ಆ ಭಾನುವಾರ ಲೈನಿಗೆ ಹೋಗಿ ಅಸ್ಸಾಮಿನ ಹುಡುಗನನ್ನು ಹುಡುಕಿದೆವು. ನಮಗಿಂತ ಚಿಕ್ಕವನು. ನಮ್ಮ ಹರಕು ಹಿಂದಿಯಲ್ಲಿ ಹೇಳಿ, ಮೊಬೈಲಿನಲ್ಲಿ ತೆಗೆದಿದ್ದ ಬಿರಡೆಯ ಫೋಟೋ ದೊಡ್ಡದು ಮಾಡಿ ತೋರಿಸಿದೆವು. ಅವನು ತುಂಬ ಹೊತ್ತು ನೋಡಿದ. ಆಮೇಲೆ ತನ್ನ ಕೆನ್ನೆ ಮುಟ್ಟಿಕೊಂಡ. ಆ ಫೋಟೋ ತನಗೂ ಕಳಿಸು ಅಂದ. ಕಳಿಸಿದೆವು.

ಅಪ್ಪನಿಗೆ ಹೇಳಬೇಕಿತ್ತು. ಹೇಗೆ ಹೇಳೋದು ಅಂತ ಮೂರು ದಿವಸ ತಿಳಿಯಲಿಲ್ಲ. ಕವಿತೆ ಬರೆಯುವವರಿಗೆ ಮಾತು ಬರಲಿಲ್ಲ. ಕೊನೆಗೆ ಒಂದು ಸಂಜೆ ಜಗಲಿ ಮೇಲೆ ಅಪ್ಪನ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಸೀಸ, ತೂತು, ಬುಷ್ಷು, ಸಾಬರ ಮಾತು. ಅಪ್ಪ ಬೀಡಿ ಹಚ್ಚಲಿಲ್ಲ.

"ಅಂಗಾರೆ ನಾನಾಕಿದ್ದು ಒಂದೇ ಅಳ್ತೆ" ಅಂತು.

"ಹೂಂ ಅಪ್ಪಾ."

"ನಂಗೊತ್ತಿತ್ತು ಕಣ್ಮಗಾ. ಬಿದಿರಂಡೇಲಿ ಒಂದು ತುಂಬಿ, ಮ್ಯಾಲೆ ಬೆಳ್ಳಲ್ಲಿ ಸವರಿ ಆಕಿದ್ದೆ. ಈಗ್ಲೂ ಕೈಗೆ ಗ್ಯಾನ ಐತೆ. ಆದ್ರೆ ಎಲ್ರೂ ಎಲ್ಡು ಎಲ್ಡು ಅಂದೂ ಅಂದೂ, ವರ್ಸ ಕಳ್ದಂಗೆ ನಂಗೇ ಅನ್ಮಾನ ಬಂತು. ಎಲ್ಡೇ ಆಕಿದ್ನೇನೋ ಅಂತ. ನಿದ್ದೇಲೆಲ್ಲ ಎಣಿಸ್ತಿದ್ದೆ."

"ಕುಡಿದಿದ್ದೆ ಅಂದ್ರಲ್ಲ?"

"ಕುಡುದ್ರೆ ಅಟ್ಟಣ್ಗೆ ಮ್ಯಾಲೆ ನಿದ್ದೆ ಬತ್ತದಲ್ಲೋ. ಕಾವ್ಲಿಗೋಗೋ ದಿನ ಯಾವನು ಕುಡೀತಾನೆ?"

ಇಷ್ಟು ಸಣ್ಣ ಮಾತು. ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಡಾಕ್ಟರು ಕೇಳಲಿಲ್ಲ, ಸಾಬರು ಕೇಳಲಿಲ್ಲ, ಅವ್ವ ಕೇಳಲಿಲ್ಲ, ಡಿಗ್ರಿ ಮಾಡಿದ ನಾವೂ ಕೇಳಲಿಲ್ಲ. ಪಿಯುಸಿಯ ದಿವಸ ಅಂದ ಮಾತಿಗೆ ಕ್ಷಮೆ ಕೇಳಬೇಕು ಅಂತ ಬಾಯಿ ತೆರೆದೆವು. ಅಪ್ಪ ನಮ್ಮ ಬೆನ್ನ ಮೇಲೆ ಕೈ ಇಟ್ಟು, ಒಳೀಕೆ ನಡಿ, ಮಳೆ ಬತ್ತೈತೆ ಅಂತು.

ಮಾರನೇ ವಾರ ಸಾಬರು ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದರು. ನಮ್ಮ ಕಾಲೋನಿಗೆ ಅವರು ಬಂದದ್ದು ಅದೇ ಮೊದಲು. ಅಪ್ಪನ ಮುಂದೆ ಕೂತರು. ಇಬ್ಬರು ಮುದುಕರಿಗೂ ಏನು ಮಾತಾಡಬೇಕೋ ತಿಳಿಯಲಿಲ್ಲ. ಅವ್ವ ಕಾಫಿ ಕೊಟ್ಟಿತು, ಕುಡಿದರು. ಆಮೇಲೆ ಸಾಬರು ಜೇಬಿನಿಂದ ಒಂದು ಕಾಗದ ತೆಗೆದು ನಮ್ಮ ಕೈಗೆ ಕೊಟ್ಟು, ಓದು ಅಂದರು. ತಮ್ಮ ನಡುಗುವ ಕೈಯಲ್ಲೇ ಬರೆದಿದ್ದರು. 2004ರಲ್ಲಿ ಈ ನಂಬರಿನ ಕೋವಿ ತಮ್ಮ ಹತ್ತಿರ ಬಂದಾಗ ನಿಪ್ಪಲ್ಲಿನ ತೂತಿನಲ್ಲಿ ಸೀಸದ ಬೆಸುಗೆ ಇತ್ತೆಂದೂ, ಅನಾಹುತಕ್ಕೆ ಕಾರಣ ಹಿಂದಿನ ಕೆಟ್ಟ ಕೆಲಸವೆಂದೂ, ಮದ್ದು ಹಾಕಿದವನ ತಪ್ಪಲ್ಲವೆಂದೂ, ಇದನ್ನು ಆಗಲೇ ತಿಳಿದೂ ತಾವು ಹೇಳದೆ ಇದ್ದದ್ದು ತಮ್ಮ ತಪ್ಪೆಂದೂ. ಕೆಳಗೆ ಸಹಿ, ತಾರೀಕು, ಅಂಗಡಿಯ ಸೀಲು.

ಇಪ್ಪತ್ತು ವರ್ಷದ ಮೇಲೆ ಈ ಕಾಗದದಿಂದ ಕೋರ್ಟಿನಲ್ಲಿ ಏನಾಗುತ್ತದೆ ಅಂತ ವಕೀಲ ಗೆಳೆಯರೊಬ್ಬರನ್ನು ಕೇಳಿದ್ದೇವೆ. ನೋಡೋಣ ಅಂದಿದ್ದಾರೆ. ಆದರೆ ಗೆಳೆಯರೇ, ಹಳ್ಳಿಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳೇ, ನೀವು ಕೋರ್ಟಿಗೆ ಕಾಯಬೇಕಿಲ್ಲ. ನಿಮ್ಮ ಊರಿನ ಗದ್ದೆ ತೋಟದಲ್ಲಿ ರಾತ್ರಿ ಕೋವಿ ಹಿಡಿದು ಕೂರುವವನು ಯಾರು ಅಂತ ನೋಡಿ. ಲೈಸೆನ್ಸಿನಲ್ಲಿ ಅವನ ಹೆಸರು ಇದೆಯೋ ಕೇಳಿ. ಆ ಕೋವಿಯ ಬುಡವನ್ನು ಬಲ್ಲವರಿಂದ ಕೊನೇ ಸಲ ಬಿಚ್ಚಿಸಿ ನೋಡಿದ್ದು ಯಾವಾಗ ಅಂತ ಕೇಳಿ. ಅದನ್ನು ಕೇಳೋಕೆ ಡಿಗ್ರಿ ಬೇಕಿಲ್ಲ. ನಿಮ್ಮ ಕ್ಲಾಸಿನಲ್ಲಿ ಯಾವನಾದರೂ ಹುಡುಗನಿಗೆ ಅಪ್ಪನ ಗಾಯದ ಮೇಲೆ ಅಡ್ಡಹೆಸರು ಬಿದ್ದಿದ್ದರೆ, ಆ ಹೆಸರು ಕಟ್ಟಿದವರು ಯಾರು ಅಂತಲೂ ಒಂದು ಸಲ ವಿಚಾರಿಸಿ.

ಆವತ್ತು ಕಾಗದವನ್ನು ನಾವು ಗಟ್ಟಿಯಾಗಿ ಓದಿ ಮುಗಿಸಿದಾಗ ಅಪ್ಪ ಸುಮ್ಮನೆ ಇತ್ತು. ಸಾಬರು ತಲೆ ಎತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ, ಇನ್ನೊಂದ್ಸಲ ಓದು ಅಂತು. ಓದಿದೆವು. ಕೈಗೆ ಇಸ್ಕೊಂಡು, ನಮ್ಮ ಡಿಗ್ರಿ ಕಾಗದ ನೋಡಿದ ಹಾಗೇ ಎಡಗಣ್ಣಿನ ಹತ್ತಿರ ಹಿಡಿದು, "ಇದ್ರಲ್ಲಿ ನನ್ನೆಸ್ರು ಎಲ್ಲೈತೆ?" ಅಂತ ಕೇಳಿತು.

ತೋರಿಸಿದೆವು. ಬೆರಳಿನಿಂದ ಒಂದು ಸಲ ಸವರಿ, ಮಡಿಸಿ, ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟಿತು.